ಊಟದ ಮನೆಗೆ ಗುಮ್ಮಟ ಕಟ್ಟಿದ ಹಾಸ್ಟೆಲ್: ಮೆಲ್ಬರ್ನ್‌ನ ನ್ಯೂಮನ್ ಕಾಲೇಜು

ನಾನು ವಿಜಯಪುರದವನು. ಮೂವತ್ತೊಂದು ವರ್ಷ ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್ ಆಗಿದ್ದೆ. ಮಗ ಇರುವ ಹಾಸ್ಟೆಲ್ ನೋಡಲು ಮೆಲ್ಬರ್ನ್‌ಗೆ ಹೋದಾಗ, ಅವನ ರೂಮಿಗೆ ಹೋಗುವ ಮೊದಲೇ ನನ್ನ ಕೈ ಅಲ್ಲಿನ ಗೋಡೆ ಮುಟ್ಟಿ ನೋಡಿತ್ತು.

ಹೆಸರು ನ್ಯೂಮನ್ ಕಾಲೇಜು ಅಂತಿದ್ದರೂ ಇದು ಡಿಗ್ರಿ ಕೊಡುವ ಕಾಲೇಜಲ್ಲ. ಮೆಲ್ಬರ್ನ್ ಯೂನಿವರ್ಸಿಟಿಯಲ್ಲಿ ಓದುವ ಮಕ್ಕಳು ಉಳಿದುಕೊಳ್ಳುವ ಜಾಗ. ರೂಮು, ಊಟ, ಪಾಠದಲ್ಲಿ ಹಿಂದೆ ಬಿದ್ದರೆ ಟ್ಯುಟೋರಿಯಲ್, ಎಲ್ಲ ಒಳಗೇ. ಕ್ಯಾಥೋಲಿಕರು ತಮ್ಮ ಹುಡುಗರಿಗೆ ಅಂತ ಕಟ್ಟಿಸಿ 1918ರಲ್ಲಿ ತೆರೆದು, ಜೆಸ್ವಿಟ್ ಅನ್ನುವ ಕ್ಯಾಥೋಲಿಕ್ ಸಂಘದ ಪಾದ್ರಿಗಳ ಕೈಗೆ ಕೊಟ್ಟರು. 1977ರವರೆಗೆ ಗಂಡುಮಕ್ಕಳಿಗೆ ಮಾತ್ರ. ಈಗ ಹೆಣ್ಣುಮಕ್ಕಳೂ ಇದ್ದಾರೆ, ಯಾವ ಧರ್ಮದವರಾದರೂ ಸೇರಬಹುದು. ನಾವು ಲಿಂಗಾಯತರು. ನನ್ನ ಮಗನ ಕೊರಳಲ್ಲಿ ಲಿಂಗ ಇದೆ. ಅದೇನು ಅಂತ ಪ್ರೀತಿಯಿಂದ ಕೇಳಿದವರಿದ್ದಾರೆ, ಅಷ್ಟೇ.

ಅವನು ಮೊದಲು ಇದ್ದದ್ದು ಬೇರೆ ಕಡೆ, ಬಾಡಿಗೆ ಫ್ಲಾಟಿನಲ್ಲಿ. ನಾಲ್ಕು ರೂಮು, ನಾಲ್ಕು ಬೀಗ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆರು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದ. ವಿಡಿಯೋ ಕಾಲ್‌ನಲ್ಲಿ ಕೇಳಿದರೆ "ಉಂಡೆ ಅಪ್ಪಾ" ಅನ್ನುತ್ತಿದ್ದ. ಅಡುಗೆಕಟ್ಟೆ ಹತ್ತಿರ ನಿಂತುಕೊಂಡೇ ಬ್ರೆಡ್ ತಿನ್ನುತ್ತಿದ್ದನಂತೆ. ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಇನ್ನು ಕಟ್ಟಡದ ಮಾತು. ಇದರ ನಕ್ಷೆ ವಾಲ್ಟರ್ ಬರ್ಲಿ ಗ್ರಿಫಿನ್ ಮತ್ತು ಅವರ ಹೆಂಡತಿ ಮರಿಯನ್ ಮಹೋನಿ ಗ್ರಿಫಿನ್ ಅವರದ್ದು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ ನಗರದ ನಕ್ಷೆಗೆ 1912ರಲ್ಲಿ ಬಹುಮಾನ ಗೆದ್ದವರು ಇವರೇ. ವಾಲ್ಟರ್ ಕೊನೆಗೆ ನಮ್ಮ ದೇಶಕ್ಕೆ ಬಂದು ಲಖನೌದಲ್ಲಿ ಕೆಲಸ ಮಾಡುತ್ತಿದ್ದರು. 1937ರಲ್ಲಿ ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾದರು. ಇದು ತಿಳಿದಾಗ ಮನಸ್ಸು ಭಾರವಾಯಿತು. ಎಲ್ಲಿಯ ಮನುಷ್ಯ, ಎಲ್ಲಿಯ ಮಣ್ಣು!

ಗೋಡೆ ಗೀಲಾಂಗ್ ಹತ್ತಿರದ ಬ್ಯಾರಬೂಲ್ ಗುಡ್ಡದ ಮರಳುಗಲ್ಲಿನದ್ದು. ಬಾದಾಮಿಯ ಕೆಂಪು ಕಲ್ಲು ನೋಡಿದ ಕಣ್ಣಿಗೆ ಇದು ಮಂಕು ಬಣ್ಣ. ಜೊತೆಗೆ ಮೆತ್ತಗಿನ ಕಲ್ಲು, ಗಾಳಿ ಮಳೆಗೆ ಸವೆಯುತ್ತದೆ. ಅದಕ್ಕೇ ಎಷ್ಟೋ ವರ್ಷಗಳಿಂದ ಹಾಳಾದ ಕಲ್ಲು ತೆಗೆದು ಬೇರೆ ಕೂರಿಸುತ್ತಾ ಬಂದಿದ್ದಾರೆ. ಒಂದು ಕಂಬದ ಬುಡದಲ್ಲಿ ನಾನು ಕೂತು ನೋಡಿದೆ. ಹಳೇ ಕಲ್ಲಿನ ಅಂಚು ಸಾಬೂನು ಸವೆದ ಹಾಗೆ ದುಂಡಗಾಗಿದೆ. ಪಕ್ಕದ ಹೊಸ ಕಲ್ಲಿನ ಅಂಚು ಬೆರಳಿಗೆ ಚುಚ್ಚುತ್ತದೆ. ನಡುವಿನ ಗಾರೆ ಗೀಟು ಎಳೆದ ಹಾಗೆ ನೇರ. ಸಿಮೆಂಟ್ ಬಳಿದು ಮುಚ್ಚೋದು ಸುಲಭ, ಅಲ್ವಾ? ಅವರು ಹಾಗೆ ಮಾಡಿಲ್ಲ. ಈ ಕೆಲಸ ಮಾಡಿದ ಕಲ್ಲುಕುಟಿಗರಿಗೆ ಕೈಮುಗಿಯಬೇಕು ಅನ್ನಿಸಿತು.

ರೂಮುಗಳಿರುವ ಎರಡು ಉದ್ದನೆಯ ಸಾಲು ಬಂದು ಸೇರುವ ಮೂಲೆಯಲ್ಲಿ ಊಟದ ಮನೆ. ಅದರ ಮೇಲೆ ಗುಮ್ಮಟ! ಕಾಂಕ್ರೀಟಿನ ಪಕ್ಕೆಲುಬುಗಳು ಒಂದನ್ನೊಂದು ದಾಟಿಕೊಂಡು ಮೇಲೇರುತ್ತವೆ. ನಮ್ಮ ಗೋಳಗುಮ್ಮಟದ ಕೆಳಗೂ ಕಮಾನುಗಳು ಹೀಗೇ ಒಂದನ್ನೊಂದು ಕತ್ತರಿಸಿ ಭಾರ ಹೊರುತ್ತವೆ. ಆದರೆ 1656ರ ನಮ್ಮ ಗುಮ್ಮಟದ ಕೆಳಗೆ ಇರೋದು ಸಮಾಧಿ. ಇಲ್ಲಿ ಉದ್ದುದ್ದ ಟೇಬಲ್ಲು, ತಟ್ಟೆ, ಮಕ್ಕಳ ಗದ್ದಲ. ಪಾದ್ರಿಗಳ ಜಾಗ ಅಂದಮೇಲೆ ಪ್ರಾರ್ಥನೆ ಮಂದಿರವೇ ಎಲ್ಲಕ್ಕಿಂತ ದೊಡ್ಡದಿರಬೇಕು ಅಂದುಕೊಂಡಿದ್ದೆ. ಅದು ಕಟ್ಟಿ ಮುಗಿದದ್ದು 1942ರಲ್ಲಿ. ಅಂದರೆ ಇಪ್ಪತ್ತನಾಲ್ಕು ವರ್ಷ ಮೊದಲೇ ಊಟದ ಮನೆ ತಯಾರು.

ನಾನು ಓದಿದ್ದು ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡುಕೊಂಡು. ಪಂಕ್ತಿಯಲ್ಲಿ ಕೂತರೆ ಪಕ್ಕದವನು ಯಾರು ಅಂತ ನಾವು ಆರಿಸುವ ಹಾಗಿರಲಿಲ್ಲ. ಹಾಗೆ ಪಕ್ಕ ಕೂತವರೇ ಇವತ್ತಿಗೂ ನನ್ನ ಗೆಳೆಯರು. ಫ್ಲಾಟಿನಲ್ಲಿ ನನ್ನ ಮಗನಿಗೆ ಸಿಗದೇ ಹೋದದ್ದು ಇದೇ.

ಫಾರ್ಮಲ್ ಡಿನ್ನರ್ ಅಂತ ಇರುತ್ತದೆ. ಆ ಸಂಜೆ ಮಕ್ಕಳು ಕಪ್ಪು ಗೌನ್ ಹಾಕಿಕೊಂಡು ಬರುತ್ತಾರೆ, ಪ್ರಾರ್ಥನೆ ಆದಮೇಲೆ ಊಟ. ನಾನು ಮಗನ ಅತಿಥಿ. "ಅಪ್ಪಾ, ಇಲ್ಲಿ ಕುಂದ್ರು, ಇದು ನಮ್ಮ ಜಾಗ" ಅಂದ. ನಮ್ಮ ಅಂದ, ನನ್ನ ಅನ್ನಲಿಲ್ಲ. ನನಗೆ ಸೊಪ್ಪು, ಬೇಳೆ, ಅನ್ನ ಬಂತು. ಉಪ್ಪು ಖಾರ ನಮ್ಮ ನಾಲಿಗೆಗೆ ಕಡಿಮೆ, ಆದರೆ ಬಿಸಿ ಬಿಸಿ ಇತ್ತು. ಎದುರಿಗಿದ್ದ ಹುಡುಗ ಊಟ ಮುಗಿಸಿ ಏಳಬಹುದಿತ್ತು. ನಾನು ನಿಧಾನ ಅಂತ ನೋಡಿ, ಕೈಕಟ್ಟಿ ಕೂತು ಜೋಳದ ಬೆಳೆ ಬಗ್ಗೆ ಕೇಳುತ್ತಲೇ ಇದ್ದ.

ಖರ್ಚು ಜಾಸ್ತಿ, ಮುಚ್ಚಿಡೋದು ಬೇಡ. ಫ್ಲಾಟ್ ಹಂಚಿಕೊಂಡರೆ ದುಡ್ಡು ಉಳಿಯುತ್ತದೆ. ಸ್ಕಾಲರ್‌ಶಿಪ್‌ಗಳಿವೆ, ಸೇರುವ ಮೊದಲೇ ಅರ್ಜಿ ಹಾಕಿ. ಅಡುಗೆ ತಾನೇ ಮಾಡಿಕೊಂಡು ಹಾಯಾಗಿರುವ ಮಗುವಿಗೆ ಇದು ಬೇಕಾಗಿಲ್ಲ. ಮೊದಲ ಸಲ ಮನೆ ಬಿಟ್ಟು, ಬೇಸರವಾದರೂ ಬಾಯಿ ಬಿಡದ ಮಗುವಾದರೆ ಕಷ್ಟಪಟ್ಟಾದರೂ ಮೊದಲ ವರ್ಷ ಇಂಥ ಕಡೆ ಇಡಿ.

ಹೊರಡುವ ದಿನ ಟ್ರಾಮ್ ಸ್ಟಾಪಿಗೆ ಅವನೇ ಬ್ಯಾಗ್ ಹೊತ್ತು ತಂದ. ಪ್ಯಾಂಟು ಮತ್ತೆ ಬಿಗಿಯಾಗಿದೆ ಅಂದ. ಅವನಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ.