ಡಾರ್ಕ್‌ಟೇಬಲ್: ಬಣ್ಣಕ್ಕೆ ಬೈಗುಳ, ಪುಟ್ಟ ಫೈಲಿಗೆ ನಮಸ್ಕಾರ

ಫೋಟೊ ತಿದ್ದುವ ಡಾರ್ಕ್‌ಟೇಬಲ್ ಸಾಫ್ಟ್‌ವೇರ್ ಬಗ್ಗೆ ಯಾರನ್ನೇ ಕೇಳಿ, ಮೊದಲು ಬರುವ ಮಾತು "ಫ್ರೀ" ಅಂತ. ನನ್ನನ್ನು ಎಳೆದು ತಂದಿದ್ದೂ ಅದೇ ಮಾತು. ಫೋಟೊಗ್ರಫಿ ಓದುವ ಹುಡುಗನ ಕೈಯಲ್ಲಿ ದುಡ್ಡು ಎಲ್ಲಿರುತ್ತದೆ? ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಒಂದು 50 ಎಂಎಂ ಲೆನ್ಸ್, ಸೀನಿಯರ್ ಒಬ್ಬರಿಂದ ಕೊಂಡ ಹಳೆಯ 70-200, 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್. ಇಷ್ಟಾದ ಮೇಲೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ಅಂದರೆ ಮನೆಯಲ್ಲಿ ಕೇಳಲಿಕ್ಕೇ ಬಾಯಿ ಬರುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಹಾಗೆ ಬಾಡಿಗೆ ಕಟ್ಟುವ ಲೈಟ್‌ರೂಮ್ ಇದೆ, ಪಾಠ ನಡೆಯುವುದೂ ಅದರ ಮೇಲೇ. ಆದರೆ ಸಂಜೆಯಾದರೆ ಲ್ಯಾಬಿಗೆ ಬೀಗ. ನಾನು ತೆಗೆಯುವುದೋ ಯಕ್ಷಗಾನ. ಈಗೆಲ್ಲ ಇಡೀ ರಾತ್ರಿ ನಡೆಯದ ಕಾಲಮಿತಿ ಆಟಗಳೇ ಜಾಸ್ತಿ, ಆದರೂ ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ. ಫೋಟೊ ಬೇಕು ಅನ್ನುವವರಿಗೆ ಮರುದಿನವೇ ಬೇಕು.

ಫೀಚರ್‌ಗಳ ಪಟ್ಟಿ ನಾನು ಕೊಡುವುದಿಲ್ಲ, ಅವರ ಸೈಟಿನಲ್ಲೇ ಇದೆ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಇದು ರಾ ಫೈಲ್‌ಗಳನ್ನು (ಅಂದರೆ ಕ್ಯಾಮೆರಾ ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಫೈಲ್) ಆರಿಸಿ, ಜೋಡಿಸಿ, ತಿದ್ದುವ ಸಾಫ್ಟ್‌ವೇರ್. ಯೊಹಾನೆಸ್ ಹನಿಕಾ ಎಂಬವರು 2009ರಲ್ಲಿ ಶುರು ಮಾಡಿದ್ದು. ಹಿಂದೆ ಕಂಪನಿ ಇಲ್ಲ, ಬಿಡುವಿನಲ್ಲಿ ಕೋಡ್ ಬರೆಯುವ ಜನ ಸೇರಿ ನಡೆಸುತ್ತಾರೆ. ಮೊದಲು ಲಿನಕ್ಸ್ ಜನರ ಕೈಯಲ್ಲೇ ಇತ್ತು. 2017ರ ಕೊನೆಗೆ ಬಂದ 2.4 ಆವೃತ್ತಿಯಿಂದ ವಿಂಡೋಸಿನಲ್ಲೂ ಓಡುತ್ತದೆ. ನನ್ನದು ವಿಂಡೋಸ್.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ.

ಕಾರ್ಡಿನಿಂದ ಫೋಟೊ ಹಾಕಿದ ಕೂಡಲೇ ಲೈಟ್‌ಟೇಬಲಿನಲ್ಲಿ, ಅಂದರೆ ಫೋಟೊ ಆರಿಸುವ ಪುಟದಲ್ಲಿ, ಸಾಲಾಗಿ ಕಾಣುತ್ತವೆ. ಎಷ್ಟು ಚಂದ ಅಂತೀರಿ! ಕಿರೀಟದ ಚಿನ್ನದ ಬಣ್ಣ ಹೊಳೆಯುತ್ತಿರುತ್ತದೆ, ಕೆಂಪು ಸೀರೆ ಕೆಂಪಾಗಿಯೇ ಇರುತ್ತದೆ. ಒಂದನ್ನು ತಿದ್ದುವ ಪುಟವಾದ ಡಾರ್ಕ್‌ರೂಮಿನಲ್ಲಿ ತೆರೆಯುತ್ತೇವೆ. ಅರೆಕ್ಷಣ ಅದೇ ಚಂದ, ಮರುಕ್ಷಣ ಮುಖ ಸಪ್ಪೆ. ಕೆಂಪು ಇಳಿದಿದೆ, ನೆರಳೆಲ್ಲ ಬೂದು. ವಾಪಸ್ ಹೋದರೆ ಲೈಟ್‌ಟೇಬಲಿನಲ್ಲೂ ಆ ಒಂದು ಫೋಟೊ ಸಪ್ಪೆಯಾಗಿಯೇ ಕೂತಿರುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಕಾರಣ ಸರಳ. ಮೊದಲು ಕಂಡಿದ್ದು ರಾ ಫೈಲಿನೊಳಗೆ ಕ್ಯಾಮೆರಾ ಹುದುಗಿಸಿಟ್ಟ ಜೆಪೆಗ್. ಅದಕ್ಕೆ ಕ್ಯಾಮೆರಾ ಕಂಪನಿಯವರ ಒಗ್ಗರಣೆ ಆಗಿಯೇ ಇರುತ್ತದೆ. ಡಾರ್ಕ್‌ರೂಮಿನಲ್ಲಿ ಕಾಣುವುದು ಡಾರ್ಕ್‌ಟೇಬಲ್ ತಾನೇ ಬಿಡಿಸಿದ ರಾ. ನಿಮ್ಮ ಕ್ಯಾಮೆರಾ ಮಾಡಿದ್ದನ್ನು ನಕಲು ಮಾಡುವುದು ನಮ್ಮ ಉದ್ದೇಶವೇ ಅಲ್ಲ ಎಂಬುದು ಅವರ ನಿಲುವು. ತತ್ವ ಸರಿ ಇರಬಹುದು ಸ್ವಾಮಿ, ಆದರೆ ನಾಳೆ ಬೆಳಿಗ್ಗೆ ಫೋಟೊ ಕಳಿಸಬೇಕಾದವನ ಗತಿ ಏನು?

ಇನ್ನೊಂದು ತಲೆನೋವು, ಒಂದೇ ಕೆಲಸಕ್ಕೆ ಹಲವು ದಾರಿ. ಬೆಳಕಿನ ಏರಿಳಿತವನ್ನು ಪರದೆಗೆ ಹೊಂದಿಸಲು ಫಿಲ್ಮಿಕ್ ಇದೆ, 2022ರ ಡಿಸೆಂಬರಿನಲ್ಲಿ ಬಂದ ಸಿಗ್ಮಾಯ್ಡ್ ಇದೆ, ಹಳೆಯ ಬೇಸ್ ಕರ್ವ್ ಕೂಡ ಇದೆ. ಯೂಟ್ಯೂಬಿನ ಒಬ್ಬ ಗುರು ಒಂದನ್ನು ಹೊಗಳಿದರೆ ಇನ್ನೊಬ್ಬರು ಅದನ್ನು ಮುಟ್ಟಲೇಬೇಡಿ ಅನ್ನುತ್ತಾರೆ. ವೈಟ್ ಬ್ಯಾಲೆನ್ಸ್ ಅಂತ ಒಂದು ಮಾಡ್ಯೂಲ್ (ತಿದ್ದುವ ಒಂದೊಂದು ಸಲಕರಣೆಗೂ ಇಲ್ಲಿ ಇದೇ ಹೆಸರು) ಕಂಡು, ಆಹಾ ಇದು ಗೊತ್ತಿರುವ ಹೆಸರು ಅಂತ ಅದನ್ನು ಎಳೆದರೆ ಕೂಡಲೇ ಎಚ್ಚರಿಕೆ ಬರುತ್ತದೆ. ಯಾಕೆಂದರೆ ನಿಜವಾದ ಕೆಲಸ ನಡೆಯುವುದು ಕಲರ್ ಕ್ಯಾಲಿಬ್ರೇಷನ್ ಎಂಬ ಇನ್ನೊಂದು ಕಡೆ. ಎರಡನ್ನೂ ಎಳೆದರೆ ಎರಡೆರಡು ಸಲ ಬಣ್ಣ ತಿದ್ದಿದ ಹಾಗಾಗುತ್ತದೆ. ಲ್ಯಾಬಿನಲ್ಲಿ ಕಲಿತ ಕೈಚಳಕ ಇಲ್ಲಿ ಅರ್ಧ ಉಪಯೋಗಕ್ಕೇ ಬರುವುದಿಲ್ಲ.

ಯಕ್ಷಗಾನಕ್ಕೆ ಬಂದರೆ ಇದು ಇನ್ನೂ ಕಷ್ಟ. ಈಗ ಊರ ಬಯಲಾಟದ ರಂಗಸ್ಥಳಕ್ಕೂ ನೇರಳೆ, ನೀಲಿ ಎಲ್‌ಇಡಿ ದೀಪ ಬಂದಿದೆ. ಕಣ್ಣಿಗೇನೋ ಮಜಾ. ಸೆನ್ಸರಿಗೆ ಮಾತ್ರ ನೀಲಿ ಚಾನೆಲ್ ತುಂಬಿ ಉಕ್ಕುತ್ತದೆ, ಕೆಂಪು, ಹಸಿರಿನಲ್ಲಿ ಹಿಡಿದಿಡಲು ಏನೂ ಇರುವುದಿಲ್ಲ. ಅರದಾಳದ ಹಳದಿ, ಇಂಗಳೀಕದ ಕೆಂಪು ಅಂತ ಹಳಬರು ಹೇಳುವ ಆ ಬಣ್ಣಗಾರಿಕೆ ಪೂರಾ ಮುಳುಗಿಹೋಗುತ್ತದೆ. ನಮ್ಮೂರ ಕಡೆಯ ವೇಷಧಾರಿಯೊಬ್ಬರಿಗೆ ಮೊದಮೊದಲು ಕಳಿಸಿದ ಫೋಟೊಗೆ ಬಂದ ಉತ್ತರ ಇದು: "ಎಂತ ಮಾರಾಯ, ನಾನು ಚೌಕಿಯಲ್ಲಿ ಒಂದೂವರೆ ಗಂಟೆ ಕೂತು ಬಣ್ಣ ಹಾಕಿದ್ದು. ಅದರ ಮೇಲೆ ನೇರಳೆ ಹಚ್ಚಿದ್ದು ಯಾರು?"

ಇದಕ್ಕೆ ಮದ್ದು ಡಾರ್ಕ್‌ಟೇಬಲಿನಲ್ಲೇ ಇದೆ, ಹುಡುಕಬೇಕು ಅಷ್ಟೆ. ಕಲರ್ ಕ್ಯಾಲಿಬ್ರೇಷನ್ನಿನಲ್ಲಿ ಬಿಳಿ ಜಾಗ ಒಂದನ್ನು ಆರಿಸಿ ಬೆಳಕಿನ ಬಣ್ಣ ಅಳೆಯಬಹುದು. ರಂಗಸ್ಥಳದಲ್ಲಿ ಬಿಳಿ ಅಂದರೆ ಹಿಮ್ಮೇಳದವರ ಅಂಗಿ. ಆದರೆ ಅವರು ಕೂರುವುದು ಹಿಂದೆ, ಅವರ ಮೇಲೆ ಬೀಳುವ ದೀಪ ಬೇರೆ. ಮುಂದೆ ಕುಣಿಯುವವರ ಮೇಲಿನ ದೀಪ ಬೇರೆ. ಹಾಗಾಗಿ ಅದೇ ಮಾಡ್ಯೂಲನ್ನು ಎರಡನೇ ಸಲ ಹಾಕಿ, ಮುಂದಿನ ವೇಷದ ಸುತ್ತ ಮಾಸ್ಕ್ ಬಿಡಿಸಿ, ಆ ಭಾಗಕ್ಕೆ ಮಾತ್ರ ಬೇರೆ ಲೆಕ್ಕ ಕೊಡುತ್ತೇನೆ. ಆಮೇಲೂ ನೀಲಿ ಹಠ ಹಿಡಿದರೆ 4.6ರಲ್ಲಿ ಬಂದ ಆರ್‌ಜಿಬಿ ಪ್ರೈಮರೀಸ್ ಮಾಡ್ಯೂಲಿನಲ್ಲಿ ನೀಲಿಯ ಜೋರನ್ನು ತುಸು ಇಳಿಸುತ್ತೇನೆ. ಎಲ್ಲ ಫೋಟೊಗೂ ಇದು ಫಲಿಸುವುದಿಲ್ಲ. ಸೆನ್ಸರ್ ಹಿಡಿಯದೇ ಬಿಟ್ಟ ಬಣ್ಣವನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಅಂಥವನ್ನು ಕಪ್ಪು ಬಿಳುಪು ಮಾಡಿ ಬಚಾವ್ ಆಗುವುದು.

ಇಷ್ಟು ಬೈದು ಯಾಕೆ ಬಳಸುತ್ತಿದ್ದೀಯ ಅಂತ ಕೇಳಬಹುದು. ಅದಕ್ಕೆ ಉತ್ತರ ಡಾರ್ಕ್‌ರೂಮಿನಲ್ಲಿಲ್ಲ, ಲೈಟ್‌ಟೇಬಲಿನಲ್ಲಿದೆ.

ಆಟದ ಮರುದಿನ ತಡವಾಗಿ ಎದ್ದು, ಬ್ಲ್ಯಾಕ್ ಟೀ ಮಾಡಿಕೊಂಡು ಕೂರುತ್ತೇನೆ. ಕಾರ್ಡ್ ಸಿಕ್ಕಿಸಿ ಕಾಪಿಗೆ ಹಾಕಿದರೆ ಅದೇ ತಾರೀಖಿನ ಫೋಲ್ಡರ್ ಮಾಡಿ, ಫೈಲಿಗೆ ಹೆಸರಿಟ್ಟು, ಎಕ್ಸ್‌ಟರ್ನಲ್ ಡಿಸ್ಕಿಗೆ ಇಳಿಸುತ್ತದೆ. ಅಷ್ಟರಲ್ಲಿ ಟೀ ಮುಗಿದಿರುತ್ತದೆ. ಆಮೇಲೆ ಎಕ್ಸ್ ಕೀ ಒತ್ತಿದರೆ ಆರಿಸುವ ನೋಟ. ಎರಡು ಫೋಟೊ ಅಕ್ಕಪಕ್ಕ. ಒಂದರಲ್ಲಿ ಕಣ್ಣಿನ ಹತ್ತಿರ ಹಿಗ್ಗಿಸಿದರೆ ಇನ್ನೊಂದೂ ಅದೇ ಜಾಗಕ್ಕೆ ಹಿಗ್ಗುತ್ತದೆ. ವೇಷಧಾರಿ ಸುತ್ತುತ್ತಾ ಹಾರುವ ದಿಗಣ ತೆಗೆಯುವಾಗ ಒತ್ತಿ ಹಿಡಿದ ಶಟರಿನಿಂದ ಒಂದೇ ತರಹದ ಹತ್ತಾರು ಫೋಟೊ ಬಂದಿರುತ್ತವೆ. ಅವುಗಳಲ್ಲಿ ಕಣ್ಣು ತೆರೆದಿದ್ದು ಯಾವುದು, ಗೆಜ್ಜೆ ಕಟ್ಟಿದ ಕಾಲು ನೆಲ ಬಿಟ್ಟಿದ್ದು ಯಾವುದು ಅಂತ ನೋಡುವುದು ಇಲ್ಲಿ ಸಲೀಸು. ಬೇಡದ್ದಕ್ಕೆ ಆರ್ ಒತ್ತಿದರೆ ತಿರಸ್ಕೃತ. ಬೇಕಾದ್ದಕ್ಕೆ 1ರಿಂದ 5ರ ತನಕ ನಕ್ಷತ್ರ. ಎಡಗೈ ಕೀಬೋರ್ಡಿನ ಮೇಲೆ, ಬಲಗೈ ಬಾಣದ ಗುರುತಿನ ಮೇಲೆ. ಮೌಸ್ ಹೆಚ್ಚು ಕಡಿಮೆ ಬೇಡವೇ ಬೇಡ.

ನಕ್ಷತ್ರ ಆದ ಮೇಲೆ ಬಣ್ಣದ ಚುಕ್ಕೆ. ಎಫ್1 ಕೆಂಪು, ಅಂದರೆ ಕಲಾವಿದರಿಗೆ ಕಳಿಸಬೇಕಾದ್ದು. ಎಫ್2 ಹಳದಿ, ಎಲ್‌ಇಡಿ ಕಾಟ ಇರುವಂಥದ್ದು, ಪುರುಸೊತ್ತಿನಲ್ಲಿ ತಿದ್ದಬೇಕು. ಎಫ್3 ಹಸಿರು, ಕಾಲೇಜಿನ ಪ್ರಾಜೆಕ್ಟಿಗೆ. ಈ ಲೆಕ್ಕ ನನ್ನದು, ನಿಮ್ಮದು ಬೇರೆ ಇರಬಹುದು.

ಕೊನೆಗೆ ಟ್ಯಾಗ್. ಇದನ್ನು ನಾನು ಕನ್ನಡದಲ್ಲೇ ಹಾಕುತ್ತೇನೆ. ಒತ್ತಕ್ಷರ ಒಡೆಯುವುದಿಲ್ಲ, ಹುಡುಕಿದರೆ ಸಿಗುತ್ತದೆ. ಹೆಸರುಗಳ ನಡುವೆ ನೆಟ್ಟಗಿನ ಗೆರೆ ಹಾಕಿದರೆ ಒಂದರೊಳಗೆ ಒಂದು ಕೂರುತ್ತದೆ: ಯಕ್ಷಗಾನ, ಅದರೊಳಗೆ ಬಡಗು ಮತ್ತು ತೆಂಕು ಎಂಬ ಎರಡು ಶೈಲಿ, ಅದರೊಳಗೆ ಒಡ್ಡೋಲಗ (ಪಾತ್ರಗಳ ಪ್ರವೇಶ), ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ, ಚೌಕಿ (ಬಣ್ಣ ಹಾಕುವ ಜಾಗ), ಹಿಮ್ಮೇಳ. ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಫೋಟೊ ಎಲ್ಲ ಒಟ್ಟಿಗೆ ಬೇಕು ಅಂದರೆ ಅದಕ್ಕೂ ಒಂದು ಟ್ಯಾಗ್. ಅಜ್ಜನಿಗೆ ಒಮ್ಮೆ ಲ್ಯಾಪ್‌ಟಾಪಿನಲ್ಲಿ ಈ ಪಟ್ಟಿ ತೋರಿಸಿದೆ. ಫೋಟೊ ನೋಡುವುದು ಬಿಟ್ಟು ಪಟ್ಟಿಯನ್ನೇ ಓದುತ್ತಾ ಕೂತರು. "ಚೆಂಡೆಗೊಂದು, ಮದ್ದಳೆಗೊಂದು ಬೇರೆ ಬೇರೆ ಇಡು, ಎರಡೂ ಒಂದೇ ಅಲ್ಲ" ಅಂದರು. ಇಟ್ಟಿದ್ದೇನೆ.

ಇಲ್ಲಿಗೆ ಬಂತು ನೋಡಿ ಆ ಪುಟ್ಟ ಫೈಲಿನ ಕಥೆ.

ಡಾರ್ಕ್‌ಟೇಬಲ್ ನಿಮ್ಮ ರಾ ಫೈಲನ್ನು ಮುಟ್ಟುವುದಿಲ್ಲ. ಅದರ ಪಕ್ಕದಲ್ಲೇ ಅದೇ ಹೆಸರಿನ ಇನ್ನೊಂದು ಫೈಲ್ ಇಡುತ್ತದೆ, ಕೊನೆಗೆ ಎಕ್ಸ್‌ಎಂಪಿ ಅಂತ ಇರುತ್ತದೆ. ಬಹಳ ಜನ ಇದನ್ನು ಕಸ ಅಂದುಕೊಂಡು ಅಳಿಸುತ್ತಾರೆ. ಅಳಿಸಬೇಡಿ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಮಾಡ್ಯೂಲುಗಳ ಲೆಕ್ಕವೆಲ್ಲ ಅರ್ಥವಾಗದ ಅಕ್ಷರ, ಅಂಕಿಗಳ ಉದ್ದುದ್ದ ಸಾಲು. ನಡುವೆ ರೇಟಿಂಗ್ 4 ಅಂತ ಒಂದು ಕಡೆ. ಸ್ವಲ್ಪ ಕೆಳಗೆ, ಆ ಗೋಜಲಿನ ಮಧ್ಯೆ, ಸ್ಪಷ್ಟ ಕನ್ನಡದಲ್ಲಿ "ಒಡ್ಡೋಲಗ".

ಇದರ ಬೆಲೆ ಗೊತ್ತಾಗಿದ್ದು ಲ್ಯಾಪ್‌ಟಾಪ್ ಕೆಟ್ಟಾಗ. ರಿಪೇರಿಗೆ ಕೊಟ್ಟ ಅಂಗಡಿಯವರು ಒಂದು ಮಾತು ಕೇಳದೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟರು. "ಈಗ ಫಾಸ್ಟ್ ಆಗಿದೆ ನೋಡಿ" ಅಂತ ಖುಷಿಯಲ್ಲೇ ಹೇಳಿದರು. ಎಲ್ಲ ಫೋಟೊಗಳ ಲೆಕ್ಕ ಇಡುವ ಡಾರ್ಕ್‌ಟೇಬಲಿನ ಲೈಬ್ರರಿ ಇದ್ದಿದ್ದು ಸಿ ಡ್ರೈವಿನಲ್ಲಿ. ಹೋಯಿತು. ಫೋಟೊಗಳೇನೋ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದವು. ಆದರೆ ಒಂದಿಡೀ ಸೀಸನ್ ಕೂತು ಆರಿಸಿದ್ದು, ಹೆಸರು ಹಾಕಿದ್ದು, ತಿದ್ದಿದ್ದು? ಡಾರ್ಕ್‌ಟೇಬಲ್ ಮತ್ತೆ ಹಾಕಿ, ಡಿಸ್ಕಿನ ಫೋಲ್ಡರನ್ನು ಸೇರಿಸು ಅಂದೆ. ಒಂದೊಂದೇ ಸಾಲು ತುಂಬುತ್ತಾ ಬಂತು. ನಕ್ಷತ್ರ ಇದೆ. ಚುಕ್ಕೆ ಇದೆ. ಅಜ್ಜ ಹೇಳಿ ಬೇರೆ ಮಾಡಿಸಿದ ಚೆಂಡೆ, ಮದ್ದಳೆ ಇವೆ. ಡಾರ್ಕ್‌ರೂಮಿನಲ್ಲಿ ತೆರೆದರೆ ಮಾಸ್ಕ್ ಸಮೇತ ಎಲ್ಲ ತಿದ್ದುಪಡಿ ಇದ್ದ ಹಾಗೇ. ಪ್ರತಿ ಫೋಟೊದ ಪಕ್ಕದಲ್ಲಿದ್ದ ಆ ಪುಟ್ಟ ಫೈಲುಗಳಿಂದಲೇ ಅಷ್ಟನ್ನೂ ಓದಿಕೊಂಡಿತ್ತು. ಸಪ್ಪೆ ಬಣ್ಣಕ್ಕೆ ಬೈದಿದ್ದನ್ನೆಲ್ಲ ಅವತ್ತು ಮನಸ್ಸಿನಲ್ಲೇ ಅರ್ಧ ವಾಪಸ್ ತಗೊಂಡೆ. ಅರ್ಧ ಮಾತ್ರ.

ವಾಪಸ್ ಬಾರದೇ ಇದ್ದದ್ದು ನಾನು ಮಾಡಿಟ್ಟಿದ್ದ ಸ್ಟೈಲ್‌ಗಳು (ಹಲವು ಮಾಡ್ಯೂಲುಗಳ ಲೆಕ್ಕದ ಒಂದು ಕಟ್ಟು) ಮತ್ತು ಪ್ರೀಸೆಟ್‌ಗಳು (ಒಂದೇ ಮಾಡ್ಯೂಲಿನ ಲೆಕ್ಕ). ಅವು ಪಕ್ಕದ ಫೈಲಿನಲ್ಲಿರುವುದಿಲ್ಲ, ಸಾಫ್ಟ್‌ವೇರಿನ ಬೇರೆಯೇ ಡೇಟಾಬೇಸಿನಲ್ಲಿರುತ್ತವೆ. ಸ್ಟೈಲನ್ನು ಮರಳಿ ಪಡೆಯಲು ಒಂದು ಉಪಾಯ ಇದೆ. ಅದನ್ನು ಹಾಕಿದ್ದ ಯಾವುದಾದರೂ ಫೋಟೊ ತೆರೆದು, ಅದರ ಹಿಸ್ಟರಿಯಿಂದಲೇ, ಅಂದರೆ ಮಾಡಿದ ತಿದ್ದುಪಡಿಗಳ ಪಟ್ಟಿಯಿಂದಲೇ, ಹೊಸ ಸ್ಟೈಲ್ ಮಾಡಿಕೊಳ್ಳಬಹುದು. ಈಗ ಸ್ಟೈಲ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲೂ ಇಡುತ್ತೇನೆ. ಜೊತೆಗೆ, ಬ್ಯಾಕಪ್ ಮಾಡುವಾಗ ರಾ ಫೈಲ್ ಮಾತ್ರ ಆರಿಸಿ ಕಾಪಿ ಮಾಡುವವರಿಗೆ ಒಂದು ಮಾತು: ಇಡೀ ಫೋಲ್ಡರನ್ನೇ ಎತ್ತಿ ಹಾಕಿ. ಎಕ್ಸ್‌ಎಂಪಿಗಳು ಕೆಲವೇ ಕೆಬಿ ಇರುತ್ತವೆ, ಜಾಗ ತಿನ್ನುವುದಿಲ್ಲ.

ವೇಗದ ವಿಷಯ ಬೇಗ ಮುಗಿಸುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸಾಮಾನ್ಯ ತಿದ್ದುವಿಕೆಗೆ ತೊಂದರೆ ಇಲ್ಲ. ಕಡಿಮೆ ಬೆಳಕಿನಲ್ಲಿ ತೆಗೆದ ಐಎಸ್‌ಒ 6400ರ ಫೋಟೊಗೆ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ತೆಗೆಯುವ ಮಾಡ್ಯೂಲ್ ಹಾಕಿದರೆ ಪರದೆಯ ಮೇಲೆ ಕೆಲಸ ನಡೆಯುತ್ತಿದೆ ಎಂಬ ಅಕ್ಷರ ಬಂದು ಕೂರುತ್ತದೆ. ಚಿತ್ರವನ್ನು ಚುರುಕು ಮಾಡುವ ಡಿಫ್ಯೂಸ್ ಆರ್ ಶಾರ್ಪನ್ ಮಾಡ್ಯೂಲ್ ಹಾಕಿದರಂತೂ ಎದ್ದು ಹೋಗಿ ನೀರು ಕುಡಿದು ಬರಬಹುದು. ಹಾಗಾಗಿ ಅವೆರಡನ್ನೂ ಕೊನೆಗೆ, ಆರಿಸಿದ ಫೋಟೊಗಳಿಗೆ ಮಾತ್ರ ಒಟ್ಟಿಗೆ ಪೇಸ್ಟ್ ಮಾಡಿ ಎಕ್ಸ್‌ಪೋರ್ಟಿಗೆ ಹಾಕಿ ಊಟಕ್ಕೆ ಹೋಗುವುದು.

ಮದುವೆ ಫೋಟೊ ತೆಗೆಯುವ ಗೆಳೆಯನಿಗೆ ಇದನ್ನು ಹೇಳಿದೆನಾ? ಇಲ್ಲ. ಅವನಿಗೆ ಸಂಜೆಯೊಳಗೆ ಆಲ್ಬಮ್ ಬೇಕು, ಚರ್ಮದ ಬಣ್ಣ ಮೊದಲ ಏಟಿಗೇ ಸರಿ ಬರಬೇಕು, ಫೋನಿನಲ್ಲೂ ಅದೇ ಫೋಟೊ ತಿದ್ದಬೇಕು. ಡಾರ್ಕ್‌ಟೇಬಲಿಗೆ ಫೋನ್ ಆ್ಯಪ್ ಇಲ್ಲ. ಬಾಡಿಗೆ ಕಟ್ಟುವುದು ಅವನಿಗೆ ಲಾಭವೇ. ಆದರೆ ನನ್ನ ಹಾಗೆ ಒಂದೇ ವಿಷಯವನ್ನು ವರ್ಷಗಟ್ಟಲೆ ತೆಗೆಯುವವರು, ಫೋಟೊ ಕೂಡಿಡುವವರು, ಕೈಯಲ್ಲಿ ದುಡ್ಡಿಗಿಂತ ಸಮಯ ಜಾಸ್ತಿ ಇರುವವರು ಕಣ್ಣು ಮುಚ್ಚಿ ಹಾಕಿಕೊಳ್ಳಿ. ಶುರುವಿಗೆ ನಾಲ್ಕೇ ಮಾಡ್ಯೂಲ್ ಸಾಕು: ಎಕ್ಸ್‌ಪೋಷರ್, ಕಲರ್ ಕ್ಯಾಲಿಬ್ರೇಷನ್, ಸಿಗ್ಮಾಯ್ಡ್, ಕ್ರಾಪ್. ನಿಮ್ಮ ಕ್ಯಾಮೆರಾಕ್ಕೆ ಒಗ್ಗುವಂತೆ ಒಂದು ಸ್ಟೈಲ್ ಮಾಡಿಟ್ಟುಕೊಂಡರೆ ಆ ಸಪ್ಪೆ ಮುಖದ ಗಾಬರಿಯೂ ಇರುವುದಿಲ್ಲ. ಉಳಿದ ಮಾಡ್ಯೂಲುಗಳ ಕಡೆ ಒಂದು ತಿಂಗಳು ತಿರುಗಿಯೂ ನೋಡಬೇಡಿ. ಕೈಪಿಡಿ ಸೈಟಿನಲ್ಲಿ ಉಚಿತವಾಗಿದೆ, ವಿಡಿಯೊಗಳಿಗಿಂತ ಅದೇ ವಾಸಿ.

ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ, ಜೂನ್ ಹೊತ್ತಿಗೊಂದು, ಕ್ರಿಸ್‌ಮಸ್ ಹೊತ್ತಿಗೊಂದು. 5.0 ಬಂದಿದ್ದು 2024ರ ಡಿಸೆಂಬರಿನಲ್ಲಿ. ಹೊಸದು ಹಾಕಿದರೆ ಲೈಬ್ರರಿ ಹೊಸ ರೂಪಕ್ಕೆ ಬದಲಾಗುತ್ತದೆ, ಆಮೇಲೆ ಹಳೆಯ ಆವೃತ್ತಿ ಅದನ್ನು ತೆರೆಯುವುದಿಲ್ಲ. ಕ್ರಿಸ್‌ಮಸ್ ಅಂದರೆ ಮೇಳಗಳ ತಿರುಗಾಟ ಜೋರಾಗಿರುವ ಕಾಲ, ನಮಗೆ ಸಬ್‌ಮಿಷನ್ ಕಾಲವೂ ಹೌದು. ಹಾಗಾಗಿ ಎಷ್ಟೇ ಆಸೆಯಾದರೂ ಆ ಹೊತ್ತಿಗೆ ಅಪ್‌ಡೇಟ್ ಮಾಡುವುದಿಲ್ಲ. ಮೇ ಕೊನೆಯ ಹೊತ್ತಿನ ಪತ್ತನಾಜೆ ಮುಗಿದು, ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ, ಲೈಬ್ರರಿಯ ಒಂದು ಕಾಪಿ ಬೇರೆ ಇಟ್ಟುಕೊಂಡು ನಿಧಾನಕ್ಕೆ ಹಾಕುತ್ತೇನೆ.