ಯುಫೋನಿಯಂಗೆ ಮೌತ್‌ಪೀಸ್ ಕೊಳ್ಳುವ ಮುನ್ನ ಶ್ಯಾಂಕ್ ನೋಡಿ

ನಮ್ಮ ಕ್ಯಾಥೊಲಿಕರ ತೆನೆ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ನನ್ನ ಯುಫೋನಿಯಂನಲ್ಲಿ (ಚಿಕ್ಕ ಟ್ಯೂಬಾದಂತಿರುವ ಹಿತ್ತಾಳೆಯ ಊದುವ ವಾದ್ಯ) ಹೊಸ ಮೌತ್‌ಪೀಸ್, ಅಂದರೆ ತುಟಿಯಿಟ್ಟು ಊದುವ ತುಂಡು, ಕಚ್ಚಿಕೊಂಡಿತ್ತು. ಎಳೆದರೆ ಬರಲಿಲ್ಲ, ತಿರುಗಿಸಿದರೆ ಅಲುಗಲಿಲ್ಲ. ಮಂಗಳೂರು ಕಡೆಯ ಚರ್ಚ್ ಬ್ಯಾಂಡ್‌ಗಳಲ್ಲಿ, ಮದುವೆ ಬ್ಯಾಂಡ್‌ಗಳಲ್ಲಿ ಯುಫೋನಿಯಂ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಹೀಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಯಮಹಾ 321, ನಾಲ್ಕು ವಾಲ್ವ್‌ನದು. ಇನ್ನೊಬ್ಬರು ಬಳಸಿದ್ದನ್ನು ಕೊಂಡದ್ದು. ಅದರ ಜೊತೆಗೇ ಬಂದ 48ನೇ ನಂಬರ್‌ನ ಮೌತ್‌ಪೀಸ್‌ನಲ್ಲಿ ಎರಡು ವರ್ಷ ಊದಿದೆ. ದನಿ ಇನ್ನೂ ತುಂಬಿ ಬರಬೇಕು ಎಂಬ ಆಸೆ ಹುಟ್ಟಿತು. ಯಾರನ್ನು ಕೇಳಿದರೂ ಬಾಕ್ ಕಂಪನಿಯ 6½ಎಎಲ್ ಮೌತ್‌ಪೀಸ್‌ನ ಹೆಸರು ಹೇಳಿದರು. ಆ ಅಳತೆ ಒಳ್ಳೆಯದೇ, ಅದರಲ್ಲಿ ತಪ್ಪಿಲ್ಲ. ಫೋನಿನಲ್ಲಿ ಮಾರಾಟಗಾರನನ್ನು ವಿಚಾರಿಸಿದಾಗ, "ಎಲ್ಲ ಯುಫೋನಿಯಂಗೂ ಆಗುತ್ತದೆ ಸರ್" ಎಂದ. ನಾನು ನಂಬಿದೆ.

ಎಲ್ಲ ಯುಫೋನಿಯಂಗೂ ಆಗುವ ಮೌತ್‌ಪೀಸ್ ಎಂಬುದೇ ಇಲ್ಲ. ಕೊಳವೆಯೊಳಗೆ ಹೋಗುವ ಬಾಲಕ್ಕೆ ಶ್ಯಾಂಕ್ ಎನ್ನುತ್ತಾರೆ. ಅದರಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಬಗೆ. ಸಣ್ಣದಕ್ಕೂ ದೊಡ್ಡದಕ್ಕೂ ತುದಿಯ ದಪ್ಪದಲ್ಲಿ ಇರುವ ವ್ಯತ್ಯಾಸ ಸುಮಾರು ಒಂದೂವರೆ ಮಿಲಿಮೀಟರ್ ಅಷ್ಟೇ; ಚಿತ್ರ ನೋಡಿ ಗುರುತಿಸಲು ಆಗುವುದಿಲ್ಲ. ಯಮಹಾ 321ಕ್ಕೆ ಸಣ್ಣದೇ ಬೇಕು, ಅದೇ ಕಂಪನಿಯ 642ಕ್ಕೆ ದೊಡ್ಡದು. ನಿಮ್ಮ ತಂಡದಲ್ಲಿ 1970ಕ್ಕಿಂತ ಹಿಂದಿನ ಬೆಸ್ಸನ್ ಕಂಪನಿಯ ಯುಫೋನಿಯಂ ಇದ್ದರೆ ಅದಕ್ಕೆ ಬಹುಪಾಲು ಮಧ್ಯಮ ಶ್ಯಾಂಕ್ ಬೇಕಾಗುತ್ತದೆ.

ಅಕ್ಷರಗಳೂ ದಾರಿ ತಪ್ಪಿಸುತ್ತವೆ. ಡೆನಿಸ್ ವಿಕ್ ಕಂಪನಿಯ 4ಎಎಲ್‌ನಲ್ಲಿ 'ಎಲ್' ಎಂದರೆ ದೊಡ್ಡ ಶ್ಯಾಂಕ್, 4ಎಎಂನಲ್ಲಿ 'ಎಂ' ಎಂದರೆ ಮಧ್ಯಮ. ಆದರೆ ಬಾಕ್‌ನ 6½ಎಎಲ್‌ನಲ್ಲಿರುವ 'ಎಲ್'ಗೂ ಶ್ಯಾಂಕ್‌ಗೂ ಸಂಬಂಧವೇ ಇಲ್ಲ. ಆ ಹೆಸರಿನಲ್ಲಿ ಸಣ್ಣ ಶ್ಯಾಂಕ್‌ನದೂ ಸಿಗುತ್ತದೆ, ದೊಡ್ಡದೂ ಸಿಗುತ್ತದೆ. ಹೆಸರು ಹೇಳಿ ತರಿಸಿದ ನನಗೆ ಬಂದದ್ದು ದೊಡ್ಡದು.

ಸರಿಯಾದ ಮೌತ್‌ಪೀಸ್ ಸುಮಾರು ಒಂದು ಇಂಚು ಒಳಗೆ ಹೋಗಿ ಕೂರುತ್ತದೆ. ಇದು ಅರ್ಧ ಇಂಚೂ ಹೋಗಲಿಲ್ಲ. ಉಳಿದದ್ದು ಹೊರಗೆ ಚಾಚಿಕೊಂಡಿತ್ತು. ಕೊಳವೆಯ ಉದ್ದ ಹೆಚ್ಚಿದಂತಾಗಿ ಶ್ರುತಿ ಇಳಿಯಿತು. ಶ್ರುತಿ ಹೊಂದಿಸುವ ಜಾರುಕೊಳವೆಯನ್ನು, ಅಂದರೆ ಟ್ಯೂನಿಂಗ್ ಸ್ಲೈಡನ್ನು, ಪೂರ್ತಿ ಒಳಗೆ ತಳ್ಳಿದರೂ ಟ್ರಂಪೆಟ್‌ಗಳ ಜೊತೆ ಕೂಡಲಿಲ್ಲ. ಮತ್ತೆ ಫೋನ್ ಮಾಡಿದೆ. "ಸ್ವಲ್ಪ ಒತ್ತಿ ತಿರುಗಿಸಿ ಸರ್, ತಾನಾಗಿಯೇ ಕೂರುತ್ತದೆ" ಎಂದ. ಒತ್ತಿ ತಿರುಗಿಸಿದೆ. ಕೂತಿತು, ಮತ್ತೆ ಏಳಲಿಲ್ಲ.

ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಬಟ್ಟೆ ಸುತ್ತಿ ಇಕ್ಕಳದಿಂದ ಹಿಡಿದು ತಿರುಚಿದೆ. ಟಕ್ ಎಂದು ಸಣ್ಣ ಸದ್ದಾಯಿತು. ಮೌತ್‌ಪೀಸ್ ಬಂತೆಂದುಕೊಂಡೆ. ಬಂದಿರಲಿಲ್ಲ. ಮೌತ್‌ಪೀಸ್ ಕೂರುವ ಕೊಳವೆಯನ್ನು (ಲೀಡ್‌ಪೈಪ್) ವಾದ್ಯದ ಅಗಲ ಬಾಯಿಯ ಭಾಗಕ್ಕೆ (ಬೆಲ್) ಹಿಡಿದಿಟ್ಟ ಪಟ್ಟಿಯ ಬೆಸುಗೆ ಬಿಟ್ಟಿತ್ತು, ಕೊಳವೆಯೇ ಒಂದಿಷ್ಟು ತಿರುಚಿಕೊಂಡಿತ್ತು. ಆ ರಾತ್ರಿ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತೆ.

ಸೆಪ್ಟೆಂಬರ್ 8ರಂದು ಹೊಸ ತೆನೆಯ ಮೆರವಣಿಗೆಯಲ್ಲಿ ನಾನು ಬರಿಗೈಯಲ್ಲಿ ನಡೆದೆ. ಏಸುವಿನ ತಾಯಿ ಮರಿಯಮ್ಮನ ಗೀತೆಗಳಲ್ಲಿ ಟ್ರಂಪೆಟ್ ಸಾಲನ್ನು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಕೆಳಗಿನಿಂದ ಯುಫೋನಿಯಂ ಎದ್ದು ಬರಬೇಕು. ಆ ಜಾಗಗಳೆಲ್ಲ ಖಾಲಿಯಾಗಿದ್ದವು. ತಂಡದ ಹಿರಿಯ ಟ್ರಂಬೋನ್ ವಾದಕರು ತಮ್ಮ ಭಾಗ ಬಿಟ್ಟು ನನ್ನದನ್ನು ಆದಷ್ಟು ತುಂಬಿಸಿದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಹಬ್ಬದ ಮರುವಾರ ರಿಪೇರಿಯವರು ಮೌತ್‌ಪೀಸ್ ಪುಲ್ಲರ್ ಎಂಬ ಸಲಕರಣೆ ಹಾಕಿ ಸ್ಕ್ರೂ ತಿರುಗಿಸಿದರು. ಒಂದು ನಿಮಿಷದಲ್ಲಿ ಹೊರಬಂತು. ಕಚ್ಚಿಕೊಂಡರೆ ಅದೊಂದೇ ದಾರಿ. ಇಕ್ಕಳ ಬೇಡ, ಸುತ್ತಿಗೆ ಬೇಡ, ಬಾಗಿಲ ಸಂದಿ ಬೇಡವೇ ಬೇಡ. ಪುಲ್ಲರ್ ತಂಡಕ್ಕೊಂದಿದ್ದರೆ ಸಾಕು.

ಕೊಳ್ಳುವಾಗ ಸಾಧ್ಯವಾದರೆ ವಾದ್ಯವನ್ನೇ ಕೊಂಡೊಯ್ಯಿರಿ. ಮೀರತ್‌ನಲ್ಲಿ ತಯಾರಾದ, ಮಾಡೆಲ್ ನಂಬರ್ ಇಲ್ಲದ ವಾದ್ಯವಾದರಂತೂ ಹಾಕಿ ನೋಡದೆ ಕೊಳ್ಳಲೇಬೇಡಿ. ಬಲ ಹಾಕದೆ ಒಳಗೆ ಬಿಟ್ಟು, ಬೆರಳಿನಿಂದ ಮೆಲ್ಲಗೆ ಅಲುಗಿಸಿ. ಲೊಡಲೊಡ ಎಂದರೆ ಶ್ಯಾಂಕ್ ಸಣ್ಣದಾಯಿತು. ದಾರ ಅಥವಾ ಟೇಪ್ ಸುತ್ತಿದರೆ ನಿಲ್ಲುತ್ತದೆ, ಆದರೆ ಶ್ರುತಿ ಸರಿಹೋಗುವುದಿಲ್ಲ. ಅಂಚೆಯಲ್ಲಿ ತರಿಸುವುದಾದರೆ ನಿಮ್ಮ ವಾದ್ಯದ ಮಾಡೆಲ್ ಬರೆದು, ಶ್ಯಾಂಕ್ ಯಾವುದೆಂದು ಬರಹದಲ್ಲೇ ಉತ್ತರ ಪಡೆಯಿರಿ. ನನ್ನ ಬಳಿ ಇದ್ದದ್ದು ಫೋನಿನ ಮಾತು ಮಾತ್ರ. ಹಾಗಾಗಿ ಹಣ ವಾಪಸಾಗಲಿಲ್ಲ.

ಇನ್ನೊಂದು ಮಾತು, ತುಟಿ ಒತ್ತುವ ಅಂಚಿನ, ಅಂದರೆ ರಿಮ್‌ನ ಬಗ್ಗೆ. ಬಾಕ್‌ನ ಲೆಕ್ಕದಲ್ಲಿ ನಂಬರ್ ಚಿಕ್ಕದಾದಷ್ಟೂ ಬಾಯಿ ದೊಡ್ಡದು: 12ಸಿ 24.5 ಮಿಲಿಮೀಟರ್, 6½ಎಎಲ್ 25.4. ಒಂದು ಮಿಲಿಮೀಟರ್‌ಗೂ ಕಡಿಮೆಯ ಈ ವ್ಯತ್ಯಾಸಕ್ಕೆ ತುಟಿ ಒಗ್ಗಲು ವಾರಗಳೇ ಬೇಕು. ಹಬ್ಬದ ಹೊಸ್ತಿಲಲ್ಲಿ ಬದಲಾಯಿಸಬೇಡಿ.

ಈಗ ನನ್ನ ಬಳಿ ಸಣ್ಣ ಶ್ಯಾಂಕ್‌ನ 6½ಎಎಲ್ ಇದೆ. ಬಯಸಿದ್ದ ದನಿ ಬಂದಿದೆ. ದೊಡ್ಡ ಶ್ಯಾಂಕ್‌ನದನ್ನೂ ಇಟ್ಟುಕೊಂಡಿದ್ದೇನೆ. ಹೊಸಬರು ಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ತುದಿ ಮುಟ್ಟಿ ನೋಡಲು ಕೊಡುತ್ತೇನೆ.