ಪ್ರೀಪೇಯ್ಡ್‌ಗೆ ಬದಲಾಗುವ ಮುನ್ನ ಹಳೆಯ ಬಿಲ್ ಖಾತೆಯನ್ನು ಮುಚ್ಚಿಸಿಕೊಳ್ಳಿ

ಪೋಸ್ಟ್‌ಪೇಯ್ಡ್ ಬಿಟ್ಟು ಪ್ರೀಪೇಯ್ಡ್‌ಗೆ ಹೋಗಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ಸಿಮ್ ಪ್ರೀಪೇಯ್ಡ್ ಆಗುವುದು ಬೇರೆ, ಬಿಲ್ ಖಾತೆ ಮುಚ್ಚುವುದು ಬೇರೆ. ಒಂದು ಆದರೆ ಇನ್ನೊಂದೂ ಆದಂತೆ ಎಂದು ಮಳಿಗೆಯವರು ಹೇಳಿದರು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ.

ಶಿಡ್ಲಘಟ್ಟದ ಬಳಿ ರೇಷ್ಮೆ ಹುಳು ಸಾಕುವ ನಮ್ಮ ಅಣ್ಣನ ಹೆಸರಿನಲ್ಲಿ ಫ್ಯಾಮಿಲಿ ಪ್ಲ್ಯಾನ್ ಇತ್ತು. ಮುಖ್ಯ ನಂಬರ್ ಅಣ್ಣನದು, ಅದಕ್ಕೆ ಸೇರಿಸಿದ್ದು ಅಮ್ಮನದು. ಗೂಡು ಮಾರಿದಾಗ ಮಾತ್ರ ಹಣ ಕಾಣುವ ಕಸುಬಿನಲ್ಲಿ ತಿಂಗಳು ತಿಂಗಳೂ ತಪ್ಪದೆ ಬರುವ ಬಿಲ್ ಭಾರವಾಗಿ, ಚಿಕ್ಕಬಳ್ಳಾಪುರದ ಮಳಿಗೆಯೊಂದರಲ್ಲಿ ಅಣ್ಣನ ನಂಬರನ್ನು ಪ್ರೀಪೇಯ್ಡ್ ಮಾಡಿಸಿದೆವು. 2021ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಇದನ್ನು ಒಟಿಪಿ ಮೂಲಕ ಮಾಡಿಕೊಳ್ಳಲು ಅವಕಾಶ ಕೊಟ್ಟಿದ್ದರಿಂದ ಕೆಲಸವೇನೋ ಬೇಗ ಮುಗಿಯಿತು. "ಇನ್ನು ಬಿಲ್ ಬರುವುದಿಲ್ಲ ಸರ್" ಎಂದರು.

ಗೂಡಿನ ಹಣ ಜಮೆಯಾಗಿದೆಯೇ ಎಂದು ನೋಡಲು ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದಾಗ, ಆ ಜಮೆಯ ಕೆಳಗಿನ ಸಾಲಿನಲ್ಲೇ ಹಳೆಯ ಪ್ಲ್ಯಾನಿನ ಪೂರ್ತಿ ಬಾಡಿಗೆ ಕಡಿತವಾಗಿತ್ತು. ಅದರ ಹಿಂದಿನ ತಿಂಗಳೂ ಹಾಗೆಯೇ. ಅಮ್ಮನ ನಂಬರ್ ಅದೇ ಖಾತೆಯಲ್ಲಿ ಉಳಿದಿದ್ದರಿಂದ ಖಾತೆ ಜೀವಂತವಾಗಿತ್ತು. ಬಿಲ್ ಹಣ ತಾನಾಗಿಯೇ ಕಡಿತವಾಗಲು ಬ್ಯಾಂಕಿಗೆ ಕೊಟ್ಟಿದ್ದ ಆಟೋಪೇ ಒಪ್ಪಿಗೆಯೂ ಹಾಗೆಯೇ ಇತ್ತು. ಇದನ್ನು ಮಳಿಗೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ನಿಮ್ಮದು ಪ್ರೀಪೇಯ್ಡ್ ನಂಬರ್, ಬಿಲ್ ನಮಗೆ ಕಾಣಿಸುವುದಿಲ್ಲ" ಎಂಬ ಉತ್ತರ ಬಂತು. ಆ್ಯಪ್‌ನಲ್ಲಿಯೂ ರೀಚಾರ್ಜ್ ಬಿಟ್ಟರೆ ಬೇರೇನೂ ತೋರುತ್ತಿರಲಿಲ್ಲ. ಹಣ ಕಡಿಯುವ ವ್ಯವಸ್ಥೆಗೆ ನಮ್ಮ ಖಾತೆ ಕಾಣಿಸುತ್ತದೆ, ದೂರು ಕೇಳುವವರಿಗೆ ಕಾಣಿಸುವುದಿಲ್ಲ ಎಂದರೆ ಓದುಬರಹ ಅಷ್ಟಾಗಿ ಇಲ್ಲದವರು ಯಾರ ಬಳಿ ಹೋಗಬೇಕು? ಬ್ಯಾಂಕಿನಲ್ಲಿ ಆಟೋಪೇ ನಿಲ್ಲಿಸಿದ ಮೇಲೆ ಅಮ್ಮನ ಫೋನಿನಿಂದ ಹೊರಹೋಗುವ ಕರೆ ನಿಂತಿತು. ಆ ನಂಬರನ್ನು ಬೇರೆ ಕಂಪನಿಗೆ ಒಯ್ಯಲು 1900ಕ್ಕೆ ಪೋರ್ಟ್ ಸಂದೇಶ ಕಳಿಸಿದರೆ, ಬಾಕಿ ಇದೆಯೆಂದು ಅದಕ್ಕೆ ಬೇಕಾದ ಕೋಡ್ ಕೊಡಲಿಲ್ಲ.

ದಾರಿ ಸಿಕ್ಕಿದ್ದು ದೂರಿನ ಡಾಕೆಟ್ ಸಂಖ್ಯೆಯಿಂದ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ದೂರು ದಾಖಲಾದ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಕಂಪನಿಯ ಉತ್ತರ ಸರಿಯೆನಿಸದಿದ್ದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯ ಪ್ರಕಾರ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು, ಅದು 39 ದಿನಗಳಲ್ಲಿ ತೀರ್ಮಾನವಾಗಬೇಕು. ಬಿಡಿ ಗ್ರಾಹಕರ ದೂರನ್ನು ಟ್ರಾಯ್ ನೇರವಾಗಿ ವಿಚಾರಿಸುವುದಿಲ್ಲವಾದ್ದರಿಂದ ಅಲ್ಲಿಗೆ ಬರೆದು ಕಾಯಬೇಡಿ. ನಾವು ಪಾಸ್‌ಬುಕ್ ಪುಟದ ನಕಲು ಸೇರಿಸಿ ಮೇಲ್ಮನವಿ ಹಾಕಿದ ಮೇಲೆ ಕಡಿತವಾದ ಹಣದಲ್ಲಿ ಹೆಚ್ಚಿನ ಭಾಗ ಮರಳಿತು, ಪೂರ್ತಿಯಲ್ಲ.

ಅಮ್ಮನ ನಂಬರನ್ನು ಪ್ರೀಪೇಯ್ಡ್‌ಗೆ ಬದಲಾಯಿಸುವಾಗ ಮೊದಲು ಕೊನೆಯ ಬಿಲ್ ಕೇಳಿ ಕಟ್ಟಿ, ಬಾಕಿ ಇಲ್ಲವೆಂದೂ ಖಾತೆ ಮುಚ್ಚಿದೆಯೆಂದೂ ಬರಹದಲ್ಲಿ ತೆಗೆದುಕೊಂಡೆವು. ಮಳಿಗೆಯವರು "ಅಗತ್ಯವಿಲ್ಲ" ಎಂದರು. ಅದು ಕೈಗೆ ಬರುವವರೆಗೆ ನಾವು ಒಟಿಪಿ ಹೇಳಲಿಲ್ಲ.